ಜೋಪ್ಸನ್ನನ ಎಡಗಡೆಯ ದೀಪ

ಎಡಗಡೆಯ ಇಂಡಿಕೇಟರ್ ಮಿಣುಕಲಿಲ್ಲ ಎಂಬ ಒಂದೇ ಕಾರಣಕ್ಕೆ ಜೋಪ್ಸನ್ನನ ಜೀಪು ವಾರ್ಷಿಕ ತಪಾಸಣೆಯಲ್ಲಿ ಫೇಲಾಯಿತು. "ಒಂದು ಗಂಟೆಯೊಳಗೆ ಸರಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಇವತ್ತು ಸರ್ಟಿಫಿಕೇಟ್ ಇಲ್ಲ," ಎಂದ ಗ್ಯಾರೇಜಿನವನು.

ಮಧ್ಯಾಹ್ನ ಮೂರಕ್ಕೆ ಜೋಪ್ಸನ್ ಪಕ್ಕದ ಕಣಿವೆಯಲ್ಲಿರಬೇಕಿತ್ತು. ಅಲ್ಲಿನ ಮುದುಕಿಯೊಬ್ಬಳು ವರ್ಷಕ್ಕೆ ಒಂದೇ ಟಗರು ಮಾರುತ್ತಾಳೆ, ಮೊದಲು ಬಂದು ಕೈಕುಲುಕಿದವನಿಗೆ. ಕುರಿ ಪ್ರದರ್ಶನದಲ್ಲಿ ಮೂರು ವರ್ಷದಿಂದ ಜೋಪ್ಸನ್ ಗೆಲ್ಲುತ್ತಿದ್ದುದು ಆ ಮನೆಯ ಟಗರುಗಳಿಂದ. ಅದು ಯಾವ ಮನೆ ಎಂದು ತಿಳಿಯದೆ ನೆರೆಯ ಬರ್ಕೆಟ್ ಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಇದು ಬರ್ಕೆಟ್‌ದೇ ಕೆಲಸ," ಎಂದ ಜೋಪ್ಸನ್, ಜೀಪು ಮನೆಗೆ ತಂದು ಹೆಂಡತಿ ಡೈನಾಗೆ. "ಹೋದ ವಾರ ಜೀಪು ಕೇಳಿ ತಗೊಂಡು ಹೋದ. ತೊಳೆದು, ಡೀಸೆಲ್ ತುಂಬಿಸಿ ವಾಪಸ್ ಕೊಟ್ಟ. ಆಗ್ಲೇ ಅಂದ್ಕೊಂಡೆ."

"ತೊಳೀದೆ ಕೊಟ್ಟಿದ್ರೂ ಅಂದ್ಕೊಳ್ತಿದ್ದೆ ಬಿಡು."

ಅಷ್ಟರಲ್ಲಿ ಬರ್ಕೆಟ್ಟೇ ಸಲಕರಣೆ ಪೆಟ್ಟಿಗೆ ಹಿಡಿದು ಬಂದ. "ಫೇಲಂತೆ ಮಾರಾಯ?"

"ನಿಂಗೆ ಯಾರು ಹೇಳಿದ್ದು?"

"ಗ್ಯಾರೇಜಿನವನ ಹೆಂಡತಿ ನನ್ನ ತಂಗಿ ಅಲ್ವಾ."

ಎಡಗಡೆಯ ಬಲ್ಬು ತೆಗೆದು ಬಲಗಡೆ ಹಾಕಿದರು. ಚೆನ್ನಾಗಿಯೇ ಮಿಣುಕಿತು. ನಾಲ್ಕೂ ದೀಪ ಒಟ್ಟಿಗೆ ಹತ್ತುವ ಅಪಾಯದ ಗುಂಡಿ ಒತ್ತಿದರು. ಎಡಗಡೆಯದೂ ಹತ್ತಿತು.

"ಬಲ್ಬು ಸರಿ, ದೀಪದ ತಂತಿ ಸರಿ. ತೊಂದರೆ ಸ್ವಿಚ್ಚಲ್ಲೇ," ಎಂದ ಬರ್ಕೆಟ್. "ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚು."

"ನೀನು ಮುಟ್ಬೇಡ. ನಾನೇ ಬಿಚ್ತೀನಿ. ಕೈ ಹಾಕಿದವನ ಗುರುತು ಇದ್ದೇ ಇರುತ್ತೆ." ಜೋಪ್ಸನ್ ಪಂಚನಾಮೆಗೆ ಕೂತ ಪೊಲೀಸಿನವನಂತೆ ಒಂದೊಂದೇ ಸ್ಕ್ರೂ ತೆಗೆದು ಟೋಪಿಯೊಳಗೆ ಹಾಕಿದ.

ಗುರುತು ಇತ್ತು. ಸ್ವಿಚ್ಚಿನಿಂದ ಒಂದು ತಂತಿಯನ್ನು ಯಾರೋ ಎಳೆದು, ತುದಿಗೆ ನೀಟಾಗಿ ಟೇಪು ಸುತ್ತಿದ್ದರು. ಟೇಪಿನ ಮೇಲೆ ಒಣಗಿದ ಬಣ್ಣದ ಹೆಬ್ಬೆರಳಚ್ಚು. ಕುರಿಗೆ ಹಚ್ಚುವ ಬಣ್ಣ. ಆ ಗುಡ್ಡದಲ್ಲಿ ಒಂದೊಂದು ಮನೆಯ ಕುರಿಗೆ ಒಂದೊಂದು ಬಣ್ಣ, ಅಜ್ಜಂದಿರ ಕಾಲದಿಂದ. ಬರ್ಕೆಟ್‌ದು ಕೆಂಪು.

ಟೇಪಿನ ಮೇಲಿದ್ದುದು ನೀಲಿ.

ಮೂವರೂ ಜೋಪ್ಸನ್ನನ ಕೊಟ್ಟಿಗೆಯತ್ತ ನೋಡಿದರು. ಅಲ್ಲಿದ್ದ ಕುರಿಗಳೆಲ್ಲ ನೀಲಿ ಬೆನ್ನು ತೋರಿಸಿಕೊಂಡು ಹುಲ್ಲು ತಿನ್ನುತ್ತಿದ್ದವು.

ಜೋಪ್ಸನ್ನನಿಗೆ ಆಗ ನೆನಪಾಯಿತು. ಹೋದ ವರ್ಷ ಟಗರು ತರಲು ಹೊರಟಾಗ ಹಿಂದೆ ದೂರದಲ್ಲಿ ಬರ್ಕೆಟ್ ಬರುತ್ತಿದ್ದ; ದೀಪ ಮಿಣುಕಿದರೆ ಯಾವ ತಿರುವೆಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ತಿರುವು ಬಂದರೆ ಜೋಪ್ಸನ್ನನ ಕೈ ತಾನಾಗಿ ಇಂಡಿಕೇಟರಿಗೆ ಹೋಗುತ್ತದೆ, ನಲವತ್ತು ವರ್ಷದ ಅಭ್ಯಾಸ. ಕೈಯನ್ನು ನಂಬದೆ ದಾರಿಯಲ್ಲೇ ನಿಂತು ತಂತಿ ಕಿತ್ತಿದ್ದ.

"ಇಲಿ ಇರ್ಬೇಕು," ಎಂದ ಜೋಪ್ಸನ್.

"ಟೇಪ್ ಸುತ್ತೋ ಇಲಿ," ಎಂದಳು ಡೈನಾ.

ಬರ್ಕೆಟ್ ಸ್ಟೇರಿಂಗ್ ಕೆಳಗೆ ಬಗ್ಗಿದ. ತಂತಿ ಸಿಕ್ಕಿಸಿದ, ಮುಚ್ಚಳ ಹಾಕಿದ. ಆಮೇಲೆ ನಿಧಾನವಾಗಿ ಕೇಳಿದ: "ಎಡಗಡೆಯದು ಮಾತ್ರ ಯಾಕೆ ಮಾರಾಯ? ಎಡಕ್ಕೆ ಏನಿದೆ?"

"ಏನೂ ಇಲ್ಲ."

ಒಂದಕ್ಕೆ ಐದು ನಿಮಿಷವಿರುವಾಗ ಜೀಪು ಪಾಸಾಯಿತು. ಜೋಪ್ಸನ್ ಗ್ಯಾರೇಜಿನಿಂದಲೇ ನೆಟ್ಟಗೆ ಟಗರಿಗೆ ಹೊರಟ. ಮನಸ್ಸಿನೊಳಗೆ ಕೈಗೆ ಮತ್ತೆ ಮತ್ತೆ ಹೇಳಿದ: ಮುಟ್ಟಬೇಡ, ಮುಟ್ಟಬೇಡ. ಕನ್ನಡಿಯಲ್ಲಿ ಬರ್ಕೆಟ್‌ನ ಜೀಪು ಚುಕ್ಕಿಯಷ್ಟೇ ಇತ್ತು, ಆದರೆ ಇತ್ತು. ಅದನ್ನು ನೋಡುತ್ತಲೇ ಮುದುಕಿಯ ಕಣಿವೆಯ ತಿರುವಿಗೆ ಬಂದ.

ಟಿಕ್, ಟಿಕ್, ಟಿಕ್.

ಹೊಸದರಂತೆ ಕೆಲಸ ಮಾಡುತ್ತಿತ್ತು. ಕನ್ನಡಿಯಲ್ಲಿ ಬರ್ಕೆಟ್‌ನ ಎಡಗಡೆಯ ದೀಪವೂ ಮಿಣುಕತೊಡಗಿತು.