ಹೆಸರು ಹೇಳಲಿಚ್ಛಿಸದ ಬೆಳೆಗಾರ

ಪೇಪರಿನಲ್ಲಿ ಬಂದದ್ದು ಸುಳ್ಳಿರಬಹುದು ಎಂಬ ಅನುಮಾನ ನನಗೆ ನಲವತ್ತೆಂಟು ವರ್ಷ ಬಂದಿರಲಿಲ್ಲ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ನಿಲ್ಲುತ್ತದೆ ಎಂದು ನಂಬಿದವನು ನಾನು. ಮನೆಯಲ್ಲಿ ಯಾರಾದರೂ ವಾದಕ್ಕೆ ನಿಂತರೆ "ಪೇಪರಿನ್ಯಾಗ ಬಂದೈತಿ" ಎನ್ನುತ್ತಿದ್ದೆ. ಅಲ್ಲಿಗೆ ವಾದ ಮುಗಿಯುತ್ತಿತ್ತು. ಇಂಡಿ ಊರಿನ ಕನ್ನಡ ಶಾಲೆಯ ಮಾಸ್ತರನಾದ ನನಗೆ ಹೊಲವಿಲ್ಲ, ತೋಟವಿಲ್ಲ; ಇದ್ದ ಆಸ್ತಿ ಈ ನಂಬಿಕೆಯೊಂದೇ. ಬೆಳಗಿನ ಚಹಾ ಕುಡಿಯುತ್ತ ಹೆಂಡತಿ ಶಾಂತವ್ವನಿಗೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ರೂಢಿ. ಆಕೆ ಕೇಳುತ್ತಾಳೋ ಇಲ್ಲವೋ ಎಂದು ನಾನೆಂದೂ ವಿಚಾರಿಸಿದವನಲ್ಲ.

ಆ ದಿನ ಜಿಲ್ಲಾ ಪುಟದಲ್ಲಿ ದೊಡ್ಡದೊಂದು ಕಪ್ಪು-ಬಿಳುಪು ಫೋಟೊ. ನಿಂಬೆಹಣ್ಣಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತವನೊಬ್ಬ ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ "ಕುಸಿದ ನಿಂಬೆ ದರ: ಹರಿದ ಕಣ್ಣೀರು". ಕೆಳಗೆ "ಇಂಡಿ ಮಾರುಕಟ್ಟೆಯಲ್ಲಿ ಕಂಗಾಲಾಗಿ ಕುಳಿತ, ಹೆಸರು ಹೇಳಲಿಚ್ಛಿಸದ ಬೆಳೆಗಾರ". "ಪಾಪ, ಎಂಥಾ ಮರ್ಯಾದಸ್ಥ ಇರಬೇಕು ನೋಡ, ಹೆಸರ ಸುದ್ದಾ ಹೇಳಿಲ್ಲ," ಎಂದೆ. ಧ್ವನಿ ಸ್ವಲ್ಪ ಒಡೆದಿತ್ತು ಕೂಡ.

ಶಾಂತವ್ವ ಒಲೆ ಬಿಟ್ಟು ಬಂದು ಬಗ್ಗಿ ನೋಡಿದಳು. "ಆ ಕಿಸೆದ ಮ್ಯಾಲಿನ ಮಸಿ ಕಲಿ ನಾ ಮೂರ ಸಲ ತಿಕ್ಕೇನ್ರಿ. ಹೋಗವಲ್ದು," ಎಂದಳು.

ಕಿಸೆ ನೋಡಿದೆ. ಅಂಗಿ ನೋಡಿದೆ. ಕಂಗಾಲಾದ ಬೆಳೆಗಾರ ನಾನೇ. ಹಿಂದಿನ ದಿನ ಉಪ್ಪಿನಕಾಯಿಗೆಂದು ಹಣ್ಣು ಆರಿಸುವಾಗ, ರಸ ಎಷ್ಟಿದೆ ನೋಡೋಣವೆಂದು ಒಂದನ್ನು ಜಾಣನಂತೆ ಹಿಸುಕಿದ್ದೆ. ಅದು ನೇರ ಕಣ್ಣಿಗೆ ಹಾರಿತ್ತು. ಯಾರೋ ಕ್ಯಾಮೆರಾ ಹಿಡಿದು ಬಂದರೆಂದು ಮಂದಿ ಅಂದದ್ದು ಕಿವಿಗೆ ಬಿದ್ದಿತ್ತು, ಕಣ್ಣು ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೆಸರನ್ನಂತೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಇನಿಶಿಯಲ್ ಸಮೇತ ಹೇಳುತ್ತಿದ್ದೆ. ಫೋಟೊದಲ್ಲಿ ಸುಳ್ಳೇನೂ ಇರಲಿಲ್ಲ. ಕಣ್ಣೀರು ನನ್ನದೇ, ಹಣ್ಣು ಖರೆ, ದರ ಬಿದ್ದದ್ದೂ ಖರೆ. ಕೆಳಗೆ ಒಂದು ಸಾಲು ಬರೆದು, ನನಗೆ ನಾನೇ ಗುರುತು ಸಿಗದಂತೆ ಮಾಡಿದ್ದರು.

ಇಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಆದರೆ ಮಗಳು ಸುವರ್ಣಾಳ ಮದುವೆ ಮಾತು ನಾಲತವಾಡದ ಮನೆತನವೊಂದರ ಜೊತೆ ನಡೆದಿತ್ತು. ನಿಶ್ಚಯಕ್ಕೆ ಎಂಟೇ ದಿನ. ಮಾತುಕತೆಗೆ ಅವರ ಮನೆಗೆ ಹೋದಾಗಲೂ ನಾನು ತೊಟ್ಟದ್ದು ಅದೇ ಮಸಿ ಕಲೆಯ ಅಂಗಿ. ಮರುದಿನ ಹುಡುಗನ ತಂದೆ ಮುದ್ದೇಬಿಹಾಳದಲ್ಲೊಂದು, ವಿಜಾಪುರದಲ್ಲೊಂದು ಬಸ್ಸು ಬದಲಿಸಿ, ಪೇಪರನ್ನು ಬಗಲಲ್ಲಿಟ್ಟುಕೊಂಡು ಬಂದರು.

"ಮಾಸ್ತರ, ತುಂಡು ಹೊಲಾ ಇಲ್ಲ ಅಂದಿದ್ರಿ. ಲಿಂಬಿ ತೋಟ ಮುಚ್ಚಿಟ್ಟ ಮಾತಾಡೋರ ಮನಿ ಜೋಡಿ ಹೆಂಗ ಸಂಬಂಧ ಬೆಳಸೂದ್ರಿ?" ಎಂದರು.

"ತೋಟ ಎಲ್ಲೀದ್ರಿ, ಕಣ್ಣಾಗ ರಸಾ ಹಾರಿತ್ರಿ," ಎಂದೆ.

"ಪೇಪರಿನ್ಯಾಗ ಬಂದೈತಲ್ರಿ," ಎಂದರು.

ಆ ಮಾತಿಗೆ ಉತ್ತರವಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಳಬಾಗಿಲ ಹಿಂದೆ ಸುವರ್ಣಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ನೀರು ನಿಂಬೆಯದಲ್ಲ.

ಅಷ್ಟರಲ್ಲಿ ಶಾಂತವ್ವ ಚುರಮುರಿಯ ಸುಸಲಾ ತಂದಳು. ಬೀಗರ ತಾಟಿನ ಮೇಲೆ ಬಗ್ಗಿ ನಿಂಬೆಯ ಹೋಳು ಹಿಂಡಿದಳು. ರಸ ಬೀಗರ ಎಡಗಣ್ಣಿಗೆ ಹೋಯಿತು. ಅಕಸ್ಮಾತ್ ಆದದ್ದು ಎಂದು ಆಕೆ ಇಂದಿಗೂ ಹೇಳುತ್ತಾಳೆ. ಬೀಗರು ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು, ಪೇಪರಿನಲ್ಲಿ ನಾನು ಹೇಗಿದ್ದೆನೋ ಹಾಗೆಯೇ ಕೂತು ಕಣ್ಣೀರು ಸುರಿಸಿದರು.

"ನಿಮ್ಮ ತೋಟ ಎಲ್ಲಿ ಬರ್ತೈತ್ರಿ, ಬೀಗರ?" ಎಂದು ಶಾಂತವ್ವ ಮೆಲ್ಲಗೆ ಕೇಳಿದಳು.

ಕಣ್ಣು ಮುಚ್ಚಿಕೊಂಡೇ ಅವರು ನಗತೊಡಗಿದರು. "ಇನ್ನೊಂದ ಕಣ್ಣರ ಉಳಸವಾ ತಾಯಿ. ನಿಶ್ಚೆ ಅಂದ ದಿವಸಾನ ಆಗ್ಲಿ," ಎಂದರು.

ಮರುದಿನ ಬೆಳಿಗ್ಗೆ ಪೇಪರು ಬಿಡಿಸಿದೆ. ಯಾವುದೋ ಕಚೇರಿಯಲ್ಲಿ ಗುಮಾಸ್ತನೊಬ್ಬ ಮೇಜಿನ ಮೇಲೆ ತಲೆಯಿಟ್ಟಿದ್ದ. "ಜನ ಬಿಸಿಲಲ್ಲಿ, ಸಾಹೇಬರು ನಿದ್ದೆಯಲ್ಲಿ" ಎಂದು ಬರೆದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನೋಡಿಲ್ಲೆ, ಇಂಥವರಿಂದನ ದೇಶ ಹಾಳಾಗೇತಿ," ಎಂದು ಗಟ್ಟಿಯಾಗಿ ಓದಿ ಹೇಳಿದೆ.

ಶಾಂತವ್ವ ಒಳಗಿನಿಂದ ಒಂದು ನಿಂಬೆಹಣ್ಣು ತಂದು, ಆ ಗುಮಾಸ್ತನ ತಲೆಯ ಪಕ್ಕಕ್ಕೆ ಇಟ್ಟು ಹೋದಳು.