ದೊರೆಯ ನಿಘಂಟೂ ಅಕ್ಕನ ಅರ್ಜಿಯೂ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡರೆ ಬೈಗುಳ ಅರ್ಧಕ್ಕೆ ಇಳಿಯುತ್ತದೆ ಎಂಬುದು ನನ್ನ ಅನುಭವ.

ಬಂಗಾರಪೇಟೆಯ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಟೀಚರ್ ಬೇಕಾಗಿದ್ದರು. ಇಂಗ್ಲಿಷಿನಲ್ಲಿ ಸಾದಾ ಒಂದು ಅರ್ಜಿ ಟೈಪ್ ಮಾಡಿ ಕಳಿಸು ಎಂದಳು ಅಕ್ಕ. ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ ಬಂದು, ಆಮೇಲೆ ಪುಸ್ತಕ ಹಿಡಿದು ಡಿ.ಎಡ್. ಮುಗಿಸಿದವಳು. ಈ ಕೆಲಸ ತಪ್ಪಿದರೆ ಹಸುಗಳಿಗೇ ಮಗ್ಗಿ ಹೇಳಿಕೊಡಬೇಕಿತ್ತು.

ನಮ್ಮ ತಾತ ಕೋರಮಂಡಲ್‌ನ ಚಿನ್ನದ ಗಣಿಯ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದರು. ಅಲ್ಲಿದ್ದ ಬಿಳಿ ದೊರೆ ಊರು ಬಿಡುವಾಗ ಕೊಟ್ಟ ಇಂಗ್ಲಿಷ್ ನಿಘಂಟು ಅಂದಿನಿಂದ ನಮ್ಮ ಮಂಚದ ಮೋಟುಗಾಲಿಗೆ ಆಸರೆ. ದೊರೆಯ ಇಂಗ್ಲಿಷೊಂದೇ ಅಪ್ಪಟ ಚಿನ್ನ, ಉಳಿದದ್ದೆಲ್ಲ ಗಿಲೀಟು ಎಂಬುದು ನಮ್ಮ ಮನೆತನದ ಸಿದ್ಧಾಂತ. ಮಂಚ ಕುಂಟಿದರೆ ಕುಂಟಲಿ ಎಂದು ಪುಸ್ತಕ ಎಳೆದೆ.

ಬಾಲದಲ್ಲಿ ‘ಸಮ್’ ಇರುವ ಪದಗಳ ಮಂದೆಯೇ ಸಿಕ್ಕಿತು. ಗ್ಲಾಡ್‌ಸಮ್ ಎಂದರೆ ಸಂತೋಷದ, ಗೇಮ್‌ಸಮ್ ಎಂದರೆ ಆಟದ ಹುಮ್ಮಸ್ಸಿನ, ಲಾಂಗ್‌ಸಮ್ ಎಂದರೆ ಬೇಸರ ಬರುವಷ್ಟು ಉದ್ದದ. ಈಗ ಯಾರೂ ಬಳಸುವುದಿಲ್ಲ. ಬಳಸಿಲ್ಲವೆಂದರೆ ಸವೆದಿಲ್ಲ! ಒಂಬತ್ತು ಪದಗಳನ್ನು ಅರ್ಜಿಗೆ ಸುರಿದೆ. ಅರ್ಜಿಯಲ್ಲಿ ಅಕ್ಕ ಗ್ಲಾಡ್‌ಸಮ್ ಆದಳು, ಅವಳ ಓದು ಲಾಂಗ್‌ಸಮ್ ಆಯಿತು. ಅವಳಿಗೆ ತೋರಿಸದೆ ಕಳಿಸಿಯೂ ಬಿಟ್ಟೆ.

ಸಂದರ್ಶನಕ್ಕೆ ಕರೆ ಬಂತು. ಒಂಬತ್ತು ಪದಗಳ ವಿಷಯವನ್ನು ನಾನು ಬಾಯಿಬಿಟ್ಟಿದ್ದು ಮಾರಿಕುಪ್ಪಂ ರೈಲು ಹೊರಟ ಮೇಲೆ.

“ಈಗೇಳ್ತಿದ್ದೀಯೇನ್ಲಾ? ರೈಲತ್ತಿದ್ಮೇಲೆ?”

“ಗಾಬರಿ ಬೇಡ ಕಣಕ್ಕ. ನಾನೇ ಮೇಡಂ ಆಯ್ತೀನಿ, ನೀನು ಉತ್ತರ ಏಳು.”

ಎದ್ದು ನಿಂತು, ಕೈ ಹಿಂದೆ ಕಟ್ಟಿ, ದೊರೆಯ ದನಿಯಲ್ಲಿ ಪ್ರಶ್ನೆ ಶುರುಮಾಡಿದೆ. ದೊರೆಯ ದನಿ ನಾನು ಕೇಳಿದವನಲ್ಲ. ತಾತ ಮಾಡುತ್ತಿದ್ದ ಅಣಕದ ಅಣಕ ಅದು.

ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿ ಅಕ್ಕನನ್ನು ಕೇಳಿತು. “ಈ ಉಡುಗನ್ಗೆ ಮೈಮೇಲೆ ಏನಾನಾ ಬತ್ತದಾ ತಾಯಿ?”

“ಮೈಮೇಲಲ್ಲ ಅಜ್ಜಿ. ಬಾಯ್ಮೇಲೆ.”

ಬಂಗಾರಪೇಟೆ ಬರುವಷ್ಟರಲ್ಲಿ ಒಂಬತ್ತು ಪದಗಳಲ್ಲಿ ನಾಲ್ಕು ಅಕ್ಕನ ತಲೆಯಲ್ಲಿ ಉಳಿದಿದ್ದವು. ಅರ್ಥ ಮಾತ್ರ ಒಂದರದು ಇನ್ನೊಂದಕ್ಕೆ ಸೇರಿತ್ತು.

ಶಾಲೆಯಲ್ಲಿ ಅಕ್ಕ ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ, ಎದ್ದೆ, ಕೂತೆ, ಎದ್ದೆ. ಕೊನೆಗೆ ಕಿಟಕಿಗೆ ಕಿವಿ ಕೊಟ್ಟೆ.

“ಲಾಂಗ್‌ಸಮ್ ಅಂದ್ರೇನಮ್ಮ?” ಮುಖ್ಯೋಪಾಧ್ಯಾಯಿನಿಯ ದನಿ.

“ಅದೂ... ಮೇಡಂ... ಅದೂ...” ಅಕ್ಕ ಎಳೆದಳು. ಆ ಎಳೆತವೇ ಲಾಂಗ್‌ಸಮ್ ಆಗುತ್ತಾ ಹೋಯಿತು. ಸುಮ್ಮನಿರಬೇಕಿತ್ತು. ನಾನು ಕಿಟಕಿಯಿಂದ ಪಿಸುಗುಟ್ಟಿದೆ, “ಬೇಸರ ಬರೋಷ್ಟು ಉದ್ದ...” ಗಾಬರಿಯಲ್ಲಿ ಅದೂ ದೊರೆಯ ದನಿಯಲ್ಲೇ ಹೊರಟಿತು. ಪಿಸುಮಾತು ಎನ್ನುವುದು ಆ ದನಿಗೆ ಗೊತ್ತೇ ಇಲ್ಲ.

“ಯಾರದು?”

ಕಿಟಕಿಯ ಕೆಳಗೆ ಕುಕ್ಕರಿಸಿದೆ. ಅಕ್ಕನ ಕೆಲಸ ಹೋಯಿತು ಎಂದುಕೊಂಡೆ.

ಒಳಗೆ ಕಾಗದ ಮಡಚಿದ ಸದ್ದಾಯಿತು. “ಈ ಹಳೇ ಪದಗಳು ನಮ್ಮ ಮಕ್ಕಳಿಗೆ ಬೇಡಮ್ಮ. ಸಮ್ ಅಂತ ಮುಗಿಯೋದು, ಈಗ್ಲೂ ಜನ ಆಡೋದು, ಅಂಥ ಒಂದು ಪದ ಹೇಳಿ. ಒಂದನೇ ಕ್ಲಾಸಿನ ಮಗೂಗೆ ತಿಳಿಯೋ ಹಾಗೆ, ಉದಾಹರಣೆ ಸಮೇತ.”

ಅಕ್ಕನಿಗೆ ಕೆಲಸ ಸಿಕ್ಕಿದ್ದು ಆಗ ಅವಳು ಕೊಟ್ಟ ಉತ್ತರಕ್ಕೆ.

“ಮೆಡಲ್‌ಸಮ್, ಮೇಡಂ. ಕರೀದಿದ್ರೂ ಬಂದು ಎಲ್ಲಾದ್ರಾಗೂ ಕೈ ಆಕೋರು ಅಂತ. ಉದಾಹರಣೆ ಕಿಟ್ಕಿ ಕೆಳ್ಗೆ ಕೂತೌನೆ, ಬಗ್ಗಿ ನೋಡ್ಕಳಿ.”