ಅರವತ್ತು ತುಂಬಲಿ, ರೈಲು ಹತ್ತೋಣ

ಮುದುಕನಾಗಲು ಆತುರಪಟ್ಟವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು. ಓರಗೆಯವರೆಲ್ಲ ತಲೆಗೆ ಬಣ್ಣ ಬಳಿದುಕೊಂಡು ವಯಸ್ಸು ಮುಚ್ಚಿಡುತ್ತಿದ್ದಾಗ, ನ್ಯಾಮತಿಯ ನನ್ನ ಟೈಲರ್ ಅಂಗಡಿಯಲ್ಲಿ ಕೂತು ಅರವತ್ತು ಯಾವಾಗ ತುಂಬುತ್ತದೋ ಎಂದು ನಾನು ಕಾಯುತ್ತಿದ್ದೆ. ಗಂಡಸರಿಗೆ ಅರವತ್ತು, ಹೆಂಗಸರಿಗೆ ಐವತ್ತೆಂಟು ತುಂಬಿದರೆ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಎಂದು ಹಿಂದೆ ಗಿರಾಕಿಯೊಬ್ಬರು ಹೇಳಿದ್ದರು. ನನಗೂ ಹೆಂಡತಿ ಗಿರಿಜಳಿಗೂ ಸರಿಯಾಗಿ ಎರಡೇ ವರ್ಷದ ಅಂತರ. ನಮ್ಮ ಜಾತಕದಲ್ಲಿ ಕೂಡಿಬಂದದ್ದು ಇದೊಂದೇ.

ಗಿರಿಜಳ ಅಕ್ಕ ಪುಣೆಯಲ್ಲಿದ್ದಾರೆ. ಮಂಡಿ ನೋವು, ಈ ಕಡೆ ಬರಲಾರರು. "ಒಂದ್ಸಲ ಹೋಗಿಬರಾಣ ನಡೀರಿ" ಎಂದು ಇವಳು ಕೇಳಿದಾಗಲೆಲ್ಲ "ಅರವತ್ತು ತುಂಬ್ಲಿ ತಡಿ" ಎನ್ನುತ್ತಿದ್ದೆ. ಮುಂದೆ ಬೇಕಾದೀತೆಂದು ರವಿಕೆಯ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಚಿಡುವುದು ನಮ್ಮ ಕಸುಬಿನ ಪದ್ಧತಿ. ಹೆಂಡತಿಯ ಆಸೆಯನ್ನೂ ನಾನು ಹಾಗೇ ಮಡಚಿಟ್ಟಿದ್ದೆ. ಕೊರೋನಾ ಬಂದಾಗ ರಿಯಾಯಿತಿ ನಿಲ್ಲಿಸಿದರೆಂದು ಕೇಳಿದ್ದೆ. ಮಾಸ್ಕಿನ ಹಾಗೆ ಅದೂ ನಾಲ್ಕು ದಿನದ ಮಾತು ಎಂದುಕೊಂಡೆ.

ಹೋದ ತಿಂಗಳು ಅಕ್ಕನ ಫೋನ್ ಬಂತು. "ಕಣ್ಣು ಮಂಜಾಗಾಕೆ ಹತ್ತೈತೆ ಗಿರಿಜಾ. ನಿನ್ನ ಮುಖ ಕಾಣೋವಾಗ್ಲೇ ಒಂದ್ಸಲ ಬಂದು ಹೋಗೇ." ಅಷ್ಟರಲ್ಲಿ ನಮ್ಮಿಬ್ಬರ ವಯಸ್ಸೂ ತುಂಬಿತ್ತು. ನಮ್ಮೂರಿಗೆ ರೈಲಿಲ್ಲ, ಹೊನ್ನಾಳಿ ಮೇಲೆ ಹೋಗುವ ಬಸ್ಸು ಹತ್ತಿ ದಾವಣಗೆರೆ ಸ್ಟೇಷನ್ನಿಗೆ ಹೋದೆವು.

ಕೌಂಟರಿನಲ್ಲಿ ಎರಡೂ ಆಧಾರ್ ಕಾರ್ಡನ್ನು ಬಹುಮಾನ ಗೆದ್ದವನ ಠೀವಿಯಲ್ಲಿ ಒಳಗೆ ಚಾಚಿ, "ಇಬ್ರೂ ಸೀನಿಯರ್ರು" ಎಂದೆ.

"ರಿಯಾಯಿತಿ ಹೋಗಿ ಎಷ್ಟು ವರ್ಷ ಆತು ಯಜಮಾನ್ರೇ! ಸ್ಲೀಪರ್ ಈ ತಿಂಗಳು ಪೂರ್ತಿ ವೇಟಿಂಗ್ ಐತೆ. ಎಸಿ ಮಾಡ್ಲೇನು?"

ಎಸಿ ದರ ಕೇಳಿದೆ. ಇಬ್ಬರು ಹೋಗಿಬರಲು ಎಷ್ಟು ರವಿಕೆ ಹೊಲಿಯಬೇಕೆಂದು ಮನಸ್ಸಿನಲ್ಲೇ ಎಣಿಸತೊಡಗಿ, ಅರ್ಧಕ್ಕೇ ಕೈಬಿಟ್ಟೆ. ಜನರಲ್ ಬೋಗಿ ಅಗ್ಗವೇನೋ ನಿಜ. ಆದರೆ ಅದೇ ಹೊತ್ತಿಗೆ ಬಂದು ನಿಂತ ಗಾಡಿಯ ಜನರಲ್ ಬೋಗಿಯಲ್ಲಿ ಜನ ಬಾಗಿಲಿನ ತನಕ ಒತ್ತಿಕೊಂಡು ನಿಂತಿದ್ದರು. ಇವಳ ಮಂಡಿಯೂ ಅಕ್ಕನ ಮಂಡಿಯ ದಾರಿಯನ್ನೇ ಹಿಡಿದಿದೆ. ಕೆಟ್ಟ ಸಿಟ್ಟು ಬಂತು, ಅರ್ಧ ರೈಲಿನವರ ಮೇಲೆ. ಬಡವರ ಗಾಡಿ ಎಂದು ಹೆಸರು ಹೊತ್ತದ್ದು ಈಗ ಬಡವರಿಗೆ ಒಂಟಿಕಾಲಲ್ಲಿ ನಿಲ್ಲುವಷ್ಟೇ ಜಾಗ ಉಳಿಸಿದೆ. ಉಳಿದರ್ಧ ಸಿಟ್ಟು ನನ್ನ ಮೇಲೆಯೇ. ಕೈಕಾಲು ಗಟ್ಟಿಯಿದ್ದಾಗ ಪೂರ್ತಿ ದರ ಕೊಟ್ಟೇ ಹೋಗಿದ್ದರೆ ಅಕ್ಕ ಇವಳನ್ನು ಕಣ್ತುಂಬ ನೋಡುತ್ತಿದ್ದರು. ಇಷ್ಟಾದರೂ ನನ್ನ ಬಾಯಿಂದ ಹೊರಟ ಮಾತು: "ಇನ್ನೊಂದು ವರ್ಷ ನೋಡಾಣ. ರಿಯಾಯಿತಿ ವಾಪಸ್ ತಂದ್ರೂ ತರ್ತಾರೆ."

ಗಿರಿಜ ತನ್ನ ಆಧಾರ್ ಕಾರ್ಡು ನನ್ನ ಕೈಯಿಂದ ಇಸಿದುಕೊಂಡಳು. ಊರಿಗೆ ವಾಪಸಾಗುವ ಬಸ್ಸಿನಲ್ಲಿ ಅದನ್ನು ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದು, ಕಿಟಕಿ ಪಕ್ಕ ಕೂತಳು. ಕಂಡಕ್ಟರ್ ನನ್ನನ್ನು ನೋಡಿ, "ಈ ಕಡೆ ಬರ್ರಿ ಅಜ್ಜಾರೆ, ವಯಸ್ಸಾದವರ ಸೀಟು ಖಾಲಿ ಐತೆ" ಎಂದ. ಹೋಗಿ ಕೂತೆ. ಹಿಂದಿನ ಸೀಟಿನಿಂದ ಇವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಈ ಸಲಾನೂ ಬರಾಕಾಗ್ಲಿಲ್ಲ ಅಕ್ಕಾ. ಇವ್ರಿಗೆ ಇನ್ನೂ ವಯಸ್ಸಾಗಿಲ್ಲ."